ಒಡ್ಡು ಕಟ್ಟುವವನ ಮಗ, ಪದವಿಯಿಲ್ಲದ ಇಂಜಿನಿಯರ್: ಜಪಾನಿನ ನದಿಗಳಲ್ಲಿ ಯೊಹಾನಿಸ್ ಡೆ ರೈಕೆ

ಹೊಳೆಸಾಲು ಬರೆದರು:

ನೀರಿನ ಇಂಜಿನಿಯರುಗಳ ಮಾತು ಬಂದರೆ ನಾವು ಅಣೆಕಟ್ಟು ಕಟ್ಟಿದವರ ಹೆಸರನ್ನೇ ಮೊದಲು ಹೇಳುತ್ತೇವೆ. ಹೊಳೆಯನ್ನು ನಿಲ್ಲಿಸದೆ, ಅದು ಹರಿಯುತ್ತಿರುವಾಗಲೇ ಅದರ ಪಾತ್ರವನ್ನು ತಿದ್ದುತ್ತ ಆಯುಷ್ಯ ಕಳೆದವರು ನಮ್ಮ ನೆನಪಿಗೆ ಬರುವುದಿಲ್ಲ. ಎರಡು ತಿಂಗಳಿಂದ ಅಂಥ ಒಬ್ಬರ ಬದುಕಿನ ಬೆನ್ನು ಹತ್ತಿದ್ದೇನೆ. ಡಚ್ ಇಂಜಿನಿಯರ್ ಯೊಹಾನಿಸ್ ಡೆ ರೈಕೆ. ಓದಿದಷ್ಟೂ ಇಲ್ಲಿ ಬರೆಯಬೇಕೆನ್ನಿಸಿತು.

ಅವರು ಹುಟ್ಟಿದ್ದು 1842ರ ಡಿಸೆಂಬರ್ 5ರಂದು, ಹಾಲೆಂಡಿನ ಝೀಲ್ಯಾಂಡ್ ಪ್ರಾಂತದ ಕೊಲೈನ್ಸ್‌ಪ್ಲಾಟ್ ಎಂಬ ಊರಿನಲ್ಲಿ. ನೂರ್ಡ್ ಬೇವಲಾಂಡ್ ದ್ವೀಪದ ಅಂಚಿನ ಊರದು. ಕಡಲಿಗೂ ಹೊಲಕ್ಕೂ ನಡುವೆ ಇರುವುದು ಒಂದು ಒಡ್ಡು ಮಾತ್ರ. ತಂದೆ ಆ ಒಡ್ಡುಗಳಲ್ಲಿ ದುಡಿಯುತ್ತಿದ್ದವರು. ಮಗ ಇಂಜಿನಿಯರಿಂಗ್ ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಯಾಕೋಬಸ್ ಲೆಬ್ರೆಟ್ ಎಂಬ ಸರ್ಕಾರಿ ಜಲ ಇಂಜಿನಿಯರ್ ಹುಡುಗನ ಚುರುಕನ್ನು ಗುರುತಿಸಿ ಗಣಿತ, ಯಂತ್ರಶಾಸ್ತ್ರಗಳನ್ನು ತಾವೇ ಹೇಳಿಕೊಟ್ಟರು. ಆಮ್ಸ್ಟರ್‌ಡ್ಯಾಮ್ ಬಳಿ ಹಡಗು ದಾಟಿಸುವ ಓರಾನ್ಯೆ ಲಾಕ್‌ಗಳನ್ನು ಕಟ್ಟುವಾಗ ಡೆ ರೈಕೆ ಅಲ್ಲಿ ಓವರ್‌ಸಿಯರ್ ಆಗಿದ್ದರು.

1873ರಲ್ಲಿ ಜಪಾನಿನ ಮೇಜಿ ಸರ್ಕಾರ ಡಚ್ ಇಂಜಿನಿಯರುಗಳನ್ನು ಕರೆಸಿಕೊಂಡಿತು. ವರ್ಷದ ಹಿಂದೆಯೇ ಹೋಗಿದ್ದ ಫಾನ್ ಡೋರ್ನ್ ಅವರು ಮುಖ್ಯಸ್ಥರು. ಡೆಲ್ಫ್ಟ್‌ನಲ್ಲಿ ಓದಿದ ಜಾರ್ಜ್ ಎಶರ್ ಅವರಿಗೆ ಮೊದಲ ದರ್ಜೆ. ಅದೇ ವರ್ಷ ಬಂದ ಡೆ ರೈಕೆಗೆ ನಾಲ್ಕನೆಯ ದರ್ಜೆ. ಎಶರ್ 1878ರಲ್ಲಿ ಊರಿಗೆ ಮರಳಿದರು, ಫಾನ್ ಡೋರ್ನ್ ಕೂಡ ಹೊರಟರು. ನಾಲ್ಕನೆಯ ದರ್ಜೆಯವರು 1903ರವರೆಗೆ, ಮೂವತ್ತು ವರ್ಷ, ಅಲ್ಲೇ ಉಳಿದರು. 1891ರ ಹೊತ್ತಿಗೆ ಅವರಿಗೆ ಉಪಮಂತ್ರಿಗೆ ಸಮನಾದ ಸ್ಥಾನ ಸಿಕ್ಕಿತ್ತು.

ನನ್ನ ಮನಸ್ಸನ್ನು ಹಿಡಿದದ್ದು ಈ ಬಡ್ತಿಯ ಕಥೆಯಲ್ಲ. ಒಸಾಕಾ ಬಂದರಿಗೆ ಹಡಗು ಬರುತ್ತಿಲ್ಲ, ಯೊಡೊ ನದಿಯ ಅಳಿವೆಯಲ್ಲಿ ಮರಳು ತುಂಬಿದೆ, ಪರಿಹಾರ ಹೇಳಿ ಎಂದು ಅವರನ್ನು ಕರೆಸಿದ್ದರು. ಅಳಿವೆಯನ್ನು ನೋಡಿದವರು ಅಲ್ಲಿಗೇ ನಿಲ್ಲಲಿಲ್ಲ, ನದಿಯನ್ನು ಹಿಡಿದು ಮೇಲಕ್ಕೆ ನಡೆದರು. ಯೊಡೊದ ಉಪನದಿ ಕಿಜು. ಅದರ ಮೇಲ್ಭಾಗದ ಬೆಟ್ಟಗಳು ಬೋಳಾಗಿದ್ದವು. ಶತಮಾನಗಳಿಂದ ದೇಗುಲಗಳಿಗೆ, ಅರಮನೆಗಳಿಗೆ, ಒಲೆಗೆ ಮರ ಕಡಿದು ಬರಿಯ ಗ್ರಾನೈಟ್ ಪುಡಿ ಉಳಿದಿತ್ತು. ಒಂದೊಂದು ಮಳೆಗೂ ಆ ಪುಡಿ ಒಸಾಕಾ ದಾರಿ ಹಿಡಿಯುತ್ತಿತ್ತು. ಬಂದರಿನ ರೋಗಕ್ಕೆ ಮದ್ದು ಬೆಟ್ಟದಲ್ಲಿದೆ ಎಂದು ಅವರು ಬರೆದರು. ಕೊರಕಲುಗಳಿಗೆ ಕಲ್ಲಿನ ತಡೆಒಡ್ಡು ಕಟ್ಟಿಸಿದರು, ಇಳಿಜಾರಿನಲ್ಲಿ ಮೆಟ್ಟಿಲು ಕಡಿಸಿ ಗಿಡ ನೆಡಿಸಿದರು. ತಾನು ಹುಟ್ಟಿದ ನಾಡಿನಲ್ಲಿ ಬೆಟ್ಟವನ್ನೇ ಕಾಣದ ಮನುಷ್ಯ ಇದನ್ನು ಕಂಡರಲ್ಲ! ನನ್ನ ಅಚ್ಚರಿ ಇನ್ನೂ ಇಳಿದಿಲ್ಲ.

ತೊಯಾಮಾ ಪ್ರಾಂತದ ಜೊಗಾಂಜಿ ನದಿಯನ್ನು ನೋಡಿದಾಗ "ಇದು ನದಿಯಲ್ಲ, ಜಲಪಾತ" ಎಂದರಂತೆ. ಆ ಮಾತು ಜಪಾನಿನಲ್ಲಿ ಈಗಲೂ ಜನರ ಬಾಯಲ್ಲಿದೆ.

ನದಿ, ಕಾಲುವೆಗಳಲ್ಲಿ ಕೆಲಸ ಮಾಡಿದವರು, ಆ ಸ್ಥಳಗಳನ್ನು ಕಂಡವರು ಇಲ್ಲಿ ಇದ್ದರೆ ದಯವಿಟ್ಟು ಬರೆಯಿರಿ.

ತೂಬಿನ ಕಾವಲು ಬರೆದರು:

ಮೇಡಂ, ನಾನು ನೀರಾವರಿಯಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತನಾದವನು. "ಓವರ್‌ಸಿಯರ್" ಎಂಬ ಪದ ನೋಡಿ ಎದೆ ತುಂಬಿತು. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ನಮ್ಮ ಸಬ್‌ಡಿವಿಜನ್‌ನಲ್ಲಿ ಒಬ್ಬ ಹಿರಿಯ ಓವರ್‌ಸಿಯರ್ ಇದ್ದರು. ಏರಿಯ ಮೇಲೆ ಬರಿಗಾಲಲ್ಲಿ ನಡೆದು, ಇಲ್ಲಿ ಒಳಗೆ ನೀರು ಜಿನುಗುತ್ತಿದೆ ಎಂದು ಹೇಳಿಬಿಡುತ್ತಿದ್ದರು. ಅಗೆದು ನೋಡಿದರೆ ಅವರ ಮಾತು ನಿಜವಾಗಿರುತ್ತಿತ್ತು. ಅವರ ಮಾತಿಗೆ ಕಡತದಲ್ಲಿ ಜಾಗವಿರಲಿಲ್ಲ; ಟಿಪ್ಪಣಿ ಬರೆಯುವ ಅಧಿಕಾರ ಪದವಿ ಇದ್ದವರದು. ಡೆ ರೈಕೆಯವರ ವರದಿಯನ್ನು ಒಂದು ಸರ್ಕಾರ ಮುಂದಿಟ್ಟುಕೊಂಡು ಓದಿತು ಎಂಬುದೇ ನನಗೆ ದೊಡ್ಡ ಸಂಗತಿ.

ನೀವು ಜೊಗಾಂಜಿಯ ಹೆಸರು ಹೇಳಿ ಮುಂದಕ್ಕೆ ಹೋಗಿಬಿಟ್ಟಿರಿ. ನನ್ನ ಕಣ್ಣಿಗೆ ಅವರ ಅತ್ಯಂತ ಚತುರ ಕೆಲಸ ಇರುವುದು ಅಲ್ಲಿ. ಸಮಯ ಸಿಕ್ಕಾಗ ವಿವರವಾಗಿ ಬರೆಯುತ್ತೇನೆ.

ಸಿವಿಲ್ ವಿದ್ಯಾರ್ಥಿನಿ ಬರೆದರು:

ನಮಸ್ಕಾರ. ಮೂರನೆಯ ವರ್ಷದ ಸಿವಿಲ್ ಓದುತ್ತಿದ್ದೇನೆ. ನದಿಯ ಆಳ ಹೆಚ್ಚಿಸಲು ಇವರು ಹೂಳನ್ನು ಅಗೆದು ತೆಗೆಸಿದರೇ? ಆ ಕಾಲದಲ್ಲಿ ದೊಡ್ಡ ಯಂತ್ರಗಳು ಅಷ್ಟಾಗಿ ಇರಲಿಲ್ಲ. ಹಾಗಿದ್ದರೆ ನದಿಯ ನಡುವೆ, ಹರಿಯುವ ನೀರಿನ ಕೆಳಗೆ ಕೆಲಸ ಹೇಗೆ ಸಾಗುತ್ತಿತ್ತು?

ಡೆಲ್ಫ್ಟ್‌ನಿಂದ ಬರೆದರು:

ತಂಗಿ, ಬಹಳ ಒಳ್ಳೆಯ ಪ್ರಶ್ನೆ. ನಾನು ಇಲ್ಲಿ ಜಲವಿಜ್ಞಾನ ಓದಲು ಬಂದು ಹಾಲೆಂಡಿನಲ್ಲೇ ನೆಲೆಸಿದವನು. ನಮ್ಮ ಕಡೆಯ ನೀರಾವರಿ ಇಂಜಿನಿಯರುಗಳು ಈ ಊರಿಗೆ ತರಬೇತಿಗೆ ಬಂದು ಹೋಗುತ್ತಲೇ ಇರುತ್ತಾರೆ. ಅವರಿಗೆ ನಾನು ಮೊದಲು ತೋರಿಸುವುದು ಕಡ್ಡಿಯ ಚಾಪೆಯನ್ನು.

ನದಿಯ ಹೂಳನ್ನು ನದಿಯಿಂದಲೇ ತೆಗೆಸುವುದು ಡಚ್ಚರ ಉಪಾಯ. ಎರಡೂ ದಡಗಳಿಂದ ನದಿಯ ಒಳಕ್ಕೆ, ಹರಿವಿಗೆ ಅಡ್ಡವಾಗಿ ಮೋಟು ಒಡ್ಡುಗಳನ್ನು ಸಾಲಾಗಿ ಚಾಚುತ್ತಾರೆ. ಮಳೆಯಿಲ್ಲದ ದಿನಗಳಲ್ಲಿ ನೀರು ಕಡಿಮೆಯಾದಾಗಲೂ ಅದು ಅಗಲಕ್ಕೆ ಹರಡದೆ ನಡುವಿನ ಕಿರಿದಾದ ಸಾಲಿನಲ್ಲಿ ರಭಸದಿಂದ ಹರಿಯುತ್ತದೆ. ಆ ರಭಸವೇ ತಳದ ಮರಳನ್ನು ಕೊಚ್ಚಿಕೊಂಡು ಹೋಗಿ ಆಳವನ್ನು ಕಾಪಾಡುತ್ತದೆ. ಯೊಡೊ ನದಿಯಲ್ಲಿ ಸುಮಾರು ಒಂದೂವರೆ ಮೀಟರ್ ಆಳದ ದೋಣಿದಾರಿ ಬೇಕಿತ್ತು, ಒಸಾಕಾದಿಂದ ಕ್ಯೋಟೋ ಹತ್ತಿರದ ಫುಶಿಮಿಯವರೆಗೆ ಉಗಿದೋಣಿ ಹೋಗಲು. ಅದಕ್ಕಾಗಿ ನೂರಾರು ಮೋಟು ಒಡ್ಡುಗಳನ್ನು ಕಟ್ಟಿದರು.

ಆದರೆ ಮರಳಿನ ತಳದ ಮೇಲೆ ಕಲ್ಲು ಸುರಿದರೆ ಆ ಕಲ್ಲಿನ ಬುಡದ ಮರಳೇ ಕೊಚ್ಚಿಹೋಗಿ ಒಡ್ಡು ಕುಸಿಯುತ್ತದೆ. ಅದಕ್ಕೆ ಚಾಪೆ ಬೇಕು. ಬಳುಕುವ ಹಸಿ ಕೊಂಬೆಗಳನ್ನು ಉದ್ದನೆಯ ಕಂತೆಗಳಾಗಿ ಬಿಗಿದು, ಆ ಕಂತೆಗಳನ್ನು ಚೌಕುಳಿಯಾಗಿ ಹೆಣೆದು, ನಡುವೆ ಸೊಪ್ಪುಸದೆ ತುಂಬಿ ಅಂಗಳದಷ್ಟು ದೊಡ್ಡ ಹಾಸು ಮಾಡುತ್ತಾರೆ. ಅದನ್ನು ನೀರಿನ ಮೇಲೆ ತೇಲಿಸಿಕೊಂಡು ಹೋಗಿ, ಗುರುತು ಮಾಡಿದ ಜಾಗದಲ್ಲಿ ನಿಲ್ಲಿಸಿ, ದೋಣಿಗಳಿಂದ ಎಲ್ಲರೂ ಒಟ್ಟಿಗೆ ಕಲ್ಲು ಹೇರುತ್ತಾರೆ. ಚಾಪೆ ಮುಳುಗಿ ತಳಕ್ಕೆ ಅಂಟಿಕೊಳ್ಳುತ್ತದೆ. ನದಿಯ ತಳ ತಗ್ಗಿದರೆ ಚಾಪೆಯೂ ಅದರೊಂದಿಗೆ ಬಳುಕಿ ತಗ್ಗುತ್ತದೆ, ಮುರಿಯುವುದಿಲ್ಲ. ಸದಾ ನೀರಿನೊಳಗೇ ಇರುವುದರಿಂದ ಕೊಂಬೆ ಬೇಗ ಕೊಳೆಯುವುದೂ ಇಲ್ಲ. ಇದನ್ನು ಹೆಣೆಯಲು ಬಲ್ಲ ಕೆಲಸಗಾರರೂ ಇಂಜಿನಿಯರುಗಳ ಜೊತೆಗೆ ಹಾಲೆಂಡಿನಿಂದ ಹೋದರು, ಅವರಿಂದ ಜಪಾನಿನ ಕೆಲಸಗಾರರು ಕಲಿತರು. ನನ್ನ ಮಟ್ಟಿಗೆ ಆ ಹೆಣಿಗೆಯವರೂ ಈ ಕಥೆಯ ನಾಯಕರು.

ಒಂದು ಮಾತು, ಭಾಷೆಯ ಬಗ್ಗೆ. ಮೋಟು ಒಡ್ಡಿಗೆ ಡಚ್ಚಿನಲ್ಲಿ "ಕ್ರಿಬ್" ಎನ್ನುತ್ತಾರೆ. ಜಪಾನೀಯರ ಬಾಯಲ್ಲಿ ಅದು "ಕೆರೆಪ್ಪು" ಆಗಿ ಈಗಲೂ ಉಳಿದಿದೆ. ನೀರಿನ ಮಟ್ಟಕ್ಕೆ ಡಚ್ಚರು "ಪೈಲ್" ಎನ್ನುತ್ತಾರೆ. ಡೆ ರೈಕೆಗಿಂತ ಮೊದಲೇ ಹೋಗಿದ್ದ ಲಿಂಡೊ ಎಂಬ ಇನ್ನೊಬ್ಬ ಡಚ್ ಇಂಜಿನಿಯರ್ 1872ರಲ್ಲಿ ತೊನೆ ನದಿಯ ಅಳಿವೆಯ ಚೋಶಿಯಲ್ಲಿ ಮಟ್ಟಗೋಲು ನೆಡಿಸಿದರು. ಒಸಾಕಾದ ನೀರಿನ ಮಟ್ಟವನ್ನು ಇಂದೂ "ಒಸಾಕಾ ಪೈಲ್" ಲೆಕ್ಕದಲ್ಲಿ ಬರೆಯುತ್ತಾರೆ.

ಹಳೆಯ ಪುಟ ಬರೆದರು:

ಹೊಳೆಸಾಲು ಅವರೇ, ನಿಮ್ಮ ಬರಹದ ಪ್ರೀತಿಗೆ ವಂದನೆ. ಆದರೆ ಎರಡು ಕಡೆ ನಾನು ತಡೆಯಬೇಕಾಗಿದೆ.

ಮೊದಲನೆಯದು ಆ ಜಲಪಾತದ ಮಾತು. ಅದು ಡೆ ರೈಕೆಯವರ ಬಾಯಿಂದ ಬಂತು ಎಂದು ಎಲ್ಲರೂ ಬರೆಯುತ್ತಾರೆ. 1891ರ ಪ್ರವಾಹದ ನಂತರ ತೊಯಾಮಾದ ಪ್ರಾಂತಾಧಿಕಾರಿ ಗೃಹಮಂತ್ರಿಗೆ ಸಲ್ಲಿಸಿದ ಮನವಿಯಲ್ಲಿ, ನಮ್ಮ ಪ್ರಾಂತದ ಹೊಳೆಗಳನ್ನು ನದಿ ಎನ್ನುವುದಕ್ಕಿಂತ ಜಲಪಾತ ಎನ್ನುವುದೇ ಸರಿ ಎಂಬ ಅರ್ಥದ ವಾಕ್ಯವಿದೆ. ಪರದೇಶಿ ಪಂಡಿತನ ಹೆಸರು ಸೇರಿದರೆ ಮಾತಿಗೆ ತೂಕ ಬರುತ್ತದೆ, ಹಾಗಾಗಿ ಕಾಲಕ್ರಮದಲ್ಲಿ ಮಾತು ಅವರ ಖಾತೆಗೆ ಸೇರಿರಬೇಕು ಎಂದು ನಾನು ನಂಬುತ್ತೇನೆ. ಸ್ವಂತ ನೆಲದ ಸಂಕಟವನ್ನು ಒಬ್ಬ ಜಪಾನಿ ಅಧಿಕಾರಿ ಹೇಳಿಕೊಂಡ ಮಾತನ್ನು ಅವರಿಂದ ಕಿತ್ತುಕೊಳ್ಳಬಾರದು.

ಎರಡನೆಯದು ಹೆಚ್ಚು ಮುಖ್ಯ. ಡಚ್ಚರು ಯೊಡೊದಲ್ಲಿ ಮಾಡಿದ್ದು ದೋಣಿ ಸಾಗಲಿ ಎಂಬ ಕೆಲಸ. ಮಳೆಯಿಲ್ಲದ ದಿನಗಳ ಕಡಿಮೆ ನೀರಿಗೆ ಹೊಂದುವಂತೆ ನದಿಯನ್ನು ತಿದ್ದುವ ಕೆಲಸ. ಅದು ಮಹಾಪೂರವನ್ನು ತಡೆಯಲಿಲ್ಲ. 1885ರಲ್ಲಿ ಹಿರಾಕಾಟಾ ಬಳಿ ಏರಿ ಒಡೆದು ಒಸಾಕಾ ನಗರ ನೀರಿನಲ್ಲಿ ನಿಂತಿತು, ಸೇತುವೆಗಳು ಸಾಲುಸಾಲಾಗಿ ಕೊಚ್ಚಿಹೋದವು. ಅಷ್ಟರಲ್ಲಿ ರೈಲು ಬಂದು ದೋಣಿಯ ಮಹತ್ವವೂ ಕುಗ್ಗತೊಡಗಿತು. 1896ರ ನದಿ ಕಾಯಿದೆಯ ನಂತರ ಜಪಾನ್ ಎತ್ತರದ ಏರಿಗಳ, ಪೂರನಿಯಂತ್ರಣದ ದಾರಿ ಹಿಡಿಯಿತು. ಫ್ರಾನ್ಸಿನಲ್ಲಿ ಓದಿ ಬಂದ ಒಕಿನೊ ತಾದಾಓ ಯೊಡೊದ ಹೊಸ ಯೋಜನೆಯನ್ನು ನಡೆಸಿದರು. ಒಸಾಕಾ ಪಟ್ಟಣವನ್ನು ಬಳಸಿಕೊಂಡು ಸಮುದ್ರಕ್ಕೆ ಹೋಗುವ ಅಗಲವಾದ ಹೊಸ ಪಾತ್ರ 1910ರಲ್ಲಿ ಮುಗಿಯಿತು. ಡೆ ರೈಕೆಯವರನ್ನು ಹೊಗಳುವಾಗ ಒಕಿನೊ ಅವರ ಹೆಸರನ್ನೂ ಹೇಳಬೇಕು.

ಹೊಳೆಸಾಲು ಬರೆದರು:

ಸರ್, ಜಲಪಾತದ ಮಾತಿನ ತಿದ್ದುಪಡಿಗೆ ಕೃತಜ್ಞಳಾಗಿದ್ದೇನೆ. "ಎಂದರಂತೆ" ಎಂದು ಬರೆದಿದ್ದರೂ ನಾನು ಅದನ್ನು ನಂಬಿಯೇ ಬರೆದಿದ್ದೆ. ಇನ್ನು ಮುಂದೆ ಬಳಸುವುದಿಲ್ಲ.

1885ರ ಬಗ್ಗೆ ಮಾತ್ರ ನಿಮ್ಮ ತೀರ್ಪು ಕಠಿಣವಾಯಿತು. ದೋಣಿದಾರಿ ಮಾಡಿಕೊಡಿ ಎಂದು ಕೇಳಿದ್ದು ಸರ್ಕಾರ. ಆ ಪೂರದ ನಂತರ ಅವರು ಸುಮ್ಮನೆ ಕೂರಲಿಲ್ಲ. ಯೊಡೊವಿಗೆ ಪೂರನಿಯಂತ್ರಣದ ಯೋಜನೆಯನ್ನು ಅವರೂ ಬರೆದುಕೊಟ್ಟರು, ಒಸಾಕಾ ಬಂದರಿನ ಯೋಜನೆಯನ್ನು 1894ರಲ್ಲಿ ಸಲ್ಲಿಸಿದರು. ಒಕಿನೊ ಅವರ ಯೋಜನೆ ಹಳೆಯ ವರದಿಗಳ ಮೇಲೆ ನಿಂತು ಇನ್ನೂ ಮುಂದಕ್ಕೆ ನೋಡಿತು. ಇಬ್ಬರ ಕೀರ್ತಿಗೂ ಇದರಿಂದ ಕುಂದಿಲ್ಲ.

ತೂಬಿನ ಕಾವಲು ಬರೆದರು:

ಹೇಳಿದಂತೆ ಜೊಗಾಂಜಿಯ ವಿಷಯಕ್ಕೆ ಬರುತ್ತೇನೆ. ಈ ನದಿಯ ಉದ್ದ ಬರೀ 56 ಕಿಲೋಮೀಟರ್. ಹುಟ್ಟುವ ಬೆಟ್ಟದ ಎತ್ತರ 2,600 ಮೀಟರಿಗೂ ಮಿಗಿಲು. ಇಷ್ಟು ಚಿಕ್ಕ ಓಟದಲ್ಲಿ ಅಷ್ಟು ಎತ್ತರದಿಂದ ಸಮುದ್ರಕ್ಕೆ ಇಳಿಯುವ ನೀರಿನ ರಭಸವನ್ನು ಊಹಿಸಿಕೊಳ್ಳಿ. ಸಾಲದ್ದಕ್ಕೆ 1858ರ ಭೂಕಂಪದಲ್ಲಿ ತೊಂಬಿ ಬೆಟ್ಟ ಕುಸಿದು, ಅದರ ಮಣ್ಣುಕಲ್ಲೆಲ್ಲ ಮೇಲಿನ ಕಣಿವೆಯಲ್ಲಿ ಬಂದು ಕೂತಿತು. ಅಲ್ಲಿಂದೀಚೆಗೆ ಪ್ರತಿ ಪೂರಕ್ಕೂ ಮನೆಯ ಗಾತ್ರದ ಬಂಡೆಗಳು ಉರುಳಿ ಬಂದು ನದಿಪಾತ್ರ ಮೇಲೇರುತ್ತ ಹೋಯಿತು. 1891ರ ಜುಲೈನಲ್ಲಿ ಏರಿಗಳು ಒಡೆದವು. ಆಗಸ್ಟ್‌ನಲ್ಲಿ ಡೆ ರೈಕೆ ಅಲ್ಲಿದ್ದರು.

ಏರಿ ಒಡೆದದ್ದಕ್ಕೆ ಅವರು ಕಂಡ ಒಂದು ಕಾರಣ ನನ್ನ ಕೆಲಸದ ಬದುಕಿಗೆ ತೀರ ಹತ್ತಿರದ್ದು. ಎಡದಂಡೆಯಲ್ಲಿ ಹನ್ನೆರಡು ಕಾಲುವೆಗಳಿದ್ದವು. ಪ್ರತಿಯೊಂದಕ್ಕೂ ಏರಿಯನ್ನು ಕೊರೆದು ಪ್ರತ್ಯೇಕ ತೂಬು. ಏರಿಯಲ್ಲಿ ತೂಬು ಇರುವ ಜಾಗವೇ ದುರ್ಬಲ ಜಾಗ. ಮಣ್ಣಿಗೂ ಕಟ್ಟಡಕ್ಕೂ ಎಂದೂ ಪೂರ್ತಿ ಬೆಸುಗೆ ಬೀಳುವುದಿಲ್ಲ, ನೀರು ಆ ಸಂದಿಯನ್ನು ಹುಡುಕಿಕೊಂಡು ಬರುತ್ತದೆ. ಅವರು ಹನ್ನೆರಡನ್ನೂ ಮುಚ್ಚಿಸಿ, ನದಿ ಬೆಟ್ಟದಿಂದ ಹೊರಬೀಳುವ ಗಟ್ಟಿ ಜಾಗದಲ್ಲಿ ಒಂದೇ ಮುಖದಿಂದ ನೀರೆತ್ತಿ, ಏರಿಯ ಹಿಂದೆ ಹಾಯುವ ಒಂದೇ ಕಾಲುವೆಯಿಂದ ಎಲ್ಲರಿಗೂ ಹಂಚುವ ಯೋಜನೆ ಕೊಟ್ಟರು. 1893ರಲ್ಲಿ ಆ ಕಾಲುವೆ ಮುಗಿಯಿತು.

ಕಾಗದದ ಮೇಲೆ ಇದು ಸುಲಭ. ನೀರು ಹಂಚುವ ಕೆಲಸ ಮಾಡಿದವರಿಗೆ ಮಾತ್ರ ಇದರ ಕಷ್ಟ ಗೊತ್ತು. ತಲೆಮಾರುಗಳಿಂದ ತಮ್ಮದೇ ತೂಬು, ತಮ್ಮದೇ ಕಾಲುವೆ ಎಂದು ಬದುಕಿದ ಹಳ್ಳಿಗಳು, ಮೇಲಿನವರ ಕೈಯಲ್ಲಿರುವ ಒಂದೇ ಬಾಗಿಲಿಗೆ ತಮ್ಮ ಗದ್ದೆಯನ್ನು ಒಪ್ಪಿಸಬೇಕು. ಎರಡು ಊರುಗಳನ್ನು ಒಂದು ತೂಬಿಗೆ ಒಪ್ಪಿಸಲು ನಾನು ಒಮ್ಮೆ ನಾಲ್ಕು ವರ್ಷ ಓಡಾಡಿದ್ದೇನೆ, ಕೊನೆಗೂ ಆಗಲಿಲ್ಲ. ಹನ್ನೆರಡನ್ನು ಒಂದು ಮಾಡಿದ ಆ ಪ್ರಾಂತದ ಅಧಿಕಾರಿಗಳಿಗೂ ರೈತರಿಗೂ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ನಗೋಯಾ ನಿವಾಸಿ ಬರೆದರು:

ಈ ಚರ್ಚೆಯನ್ನು ತಡವಾಗಿ ನೋಡಿದೆ. ಒಂಬತ್ತು ವರ್ಷದಿಂದ ನಗೋಯಾದಲ್ಲಿದ್ದೇನೆ. ಇಲ್ಲಿ ಅವರ ಹೆಸರನ್ನು "ದೆ ರೇಕೆ" ಎನ್ನುತ್ತಾರೆ. ನಮ್ಮ ಮನೆಯಿಂದ ಪಶ್ಚಿಮಕ್ಕೆ ಹೋದರೆ ಕಿಸೊ, ನಗಾರಾ, ಇಬಿ ಎಂಬ ಮೂರು ನದಿಗಳು ಸಿಗುತ್ತವೆ. ಅವರ ಅತಿ ದೊಡ್ಡ ಕೆಲಸ ಇದು, ಆದರೆ ಇಲ್ಲಿಯವರೆಗೂ ಯಾರೂ ಬರೆದಿಲ್ಲ.

ಮೂರೂ ನದಿಗಳು ಒಂದೇ ಬಯಲಿಗೆ ಇಳಿಯುತ್ತವೆ. ಕಿಸೊದ ಪಾತ್ರ ಎತ್ತರ, ನಗಾರಾ ಅದಕ್ಕಿಂತ ತಗ್ಗು, ಇಬಿ ಇನ್ನೂ ತಗ್ಗು. ಹಿಂದೆ ಇವು ಬಲೆಯಂತೆ ಒಂದಕ್ಕೊಂದು ಕೂಡಿಕೊಂಡು ಹರಿಯುತ್ತಿದ್ದವು. ಕಿಸೊದಲ್ಲಿ ಪೂರ ಬಂದರೆ ನೀರು ಪಶ್ಚಿಮಕ್ಕೆ ನುಗ್ಗಿ ಇಬಿಯ ದಡದ ಊರುಗಳನ್ನು ಮುಳುಗಿಸುತ್ತಿತ್ತು. ಪೂರ್ವದ ಓವಾರಿ ಸೀಮೆ ಬಲಿಷ್ಠ ಪ್ರಭುಗಳದು, ಆ ದಡಕ್ಕೆ 1609ರ ಹೊತ್ತಿಗೇ ಎತ್ತರದ ಏರಿ ಕಟ್ಟಿದ್ದರು. ಎದುರು ದಡದವರ ಏರಿ ಅದಕ್ಕಿಂತ ಮೂರು ಅಡಿಯಷ್ಟು ತಗ್ಗಿರಬೇಕೆಂಬ ಕಟ್ಟಳೆ ಇತ್ತೆಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಪಶ್ಚಿಮದ ಹಳ್ಳಿಗಳು ತಮ್ಮ ಸುತ್ತ ತಾವೇ ಬಳೆಯಂತೆ ಏರಿ ಕಟ್ಟಿಕೊಂಡವು. ಇವಕ್ಕೆ "ವಾಜು" ಎನ್ನುತ್ತಾರೆ. ಮನೆಯ ಹಿಂದೆ ಎತ್ತರದ ಕಲ್ಲುಜಗಲಿಯ ಮೇಲೆ ಇನ್ನೊಂದು ಚಿಕ್ಕ ಮನೆ, ಅದರಲ್ಲಿ ಅಕ್ಕಿ, ಉಪ್ಪು, ಹಾಸಿಗೆ. ಸೂರಿಗೆ ಒಂದು ದೋಣಿ ತೂಗುಹಾಕಿರುತ್ತದೆ. ಅಂಥ ಮನೆಯೊಂದನ್ನು ನಾನು ನೋಡಿದ್ದೇನೆ. ಹೊಲದ ನಡುವಿನ ಮನೆಯ ಸೂರಿನಲ್ಲಿ ದೋಣಿ ತೂಗುತ್ತಿರುವುದನ್ನು ಕಂಡು ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಡೆ ರೈಕೆಗಿಂತ ನೂರಿಪ್ಪತ್ತು ವರ್ಷ ಮೊದಲೇ, 1754ರಿಂದ 1755ರವರೆಗೆ, ಆಗ ಜಪಾನನ್ನು ಆಳುತ್ತಿದ್ದ ಶೋಗನ್ ಸರ್ಕಾರ ದೂರದ ಸತ್ಸುಮಾ ಸೀಮೆಯ ಸಮುರಾಯಿ ಯೋಧರನ್ನು ಕರೆಸಿ ಅವರ ಖರ್ಚಿನಲ್ಲೇ ನದಿ ಬೇರ್ಪಡಿಸುವ ಕೆಲಸಕ್ಕೆ ಹಚ್ಚಿತು. ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಹಲವರು ಅವಮಾನ ತಾಳದೆ ಪ್ರಾಣ ಕಳೆದುಕೊಂಡರು, ಉಳಿದವರು ರೋಗದಿಂದ. ಮುಂದಾಳು ಹಿರಾತಾ ಯುಕಿಎ ಕೆಲಸ ಮುಗಿದ ಮೇಲೆ ಕೊನೆಯುಸಿರೆಳೆದರು. ಅವರು ಕಟ್ಟಿದ ಏರಿಯ ಮೇಲಿನ ಪೈನ್ ಮರಗಳ ಸಾಲು ಇಂದಿಗೂ ಇದೆ. ಆದರೆ ನದಿಗಳು ಪೂರ್ತಿ ಬೇರೆಯಾಗಲಿಲ್ಲ.

ಡೆ ರೈಕೆ 1878ರಲ್ಲಿ ಇಲ್ಲಿಗೆ ಬಂದು ಮೊದಲ ಸಮೀಕ್ಷೆ ಮಾಡಿದರು. ಇಲ್ಲೂ ಮೊದಲು ಹತ್ತಿದ್ದು ಬೆಟ್ಟವನ್ನೇ, ಮೇಲಿನ ಕಾಡಿನ ಸ್ಥಿತಿಯನ್ನೇ ಮೊದಲು ಬರೆದರು. ಯೋಜನೆ ಸಿದ್ಧವಾದದ್ದು 1886ರಲ್ಲಿ, ಕೆಲಸ ಆರಂಭವಾದದ್ದು 1887ರಲ್ಲಿ. ಮೂರು ನದಿಗಳಿಗೂ ಪ್ರತ್ಯೇಕ ಪಾತ್ರ, ನಡುವೆ ಬೆನ್ನೆಲುಬಿನಂತೆ ಉದ್ದನೆಯ ಏರಿ, ಬೇಡವಾದ ಕವಲುಗಳನ್ನು ಮುಚ್ಚುವುದು, ಅಳಿವೆಯಲ್ಲಿ ಹೂಳು ಕೂರದಂತೆ ಚಾಚುಒಡ್ಡು. ಹೊಸ ಪಾತ್ರ ಹಾಯುವ ಕಡೆ ಊರುಗಳು, ಗದ್ದೆಗಳು ಹೋದವು. ಪೂರದಿಂದ ನೊಂದವರೇ ಪೂರ ತಪ್ಪಿಸುವ ಕೆಲಸಕ್ಕೂ ನೆಲ ಬಿಟ್ಟುಕೊಟ್ಟರು. ಕೆಲಸದ ನಡುವೆ, 1891ರ ಅಕ್ಟೋಬರ್ 28ರಂದು, ನೋಬಿ ಬಯಲಿನ ಮಹಾ ಭೂಕಂಪ ಏರಿಗಳನ್ನು ಸೀಳಿತು. ಮತ್ತೆ ಕಟ್ಟಿದರು. ಎಲ್ಲ ಮುಗಿದದ್ದು 1912ರಲ್ಲಿ. ಅವರು ಜಪಾನ್ ಬಿಟ್ಟು ಆಗಲೇ ಒಂಬತ್ತು ವರ್ಷ.

ಸಿವಿಲ್ ವಿದ್ಯಾರ್ಥಿನಿ ಬರೆದರು:

ಇಪ್ಪತ್ತೈದು ವರ್ಷ! ನಮ್ಮ ಪಠ್ಯದಲ್ಲಿ ನದಿ ತಿದ್ದುವ ಅಧ್ಯಾಯ ಹದಿನಾಲ್ಕು ಪುಟ. ಅದರಲ್ಲಿ ಊರು ಬಿಟ್ಟುಕೊಟ್ಟವರ ಬಗ್ಗೆ ಒಂದು ಸಾಲೂ ಇಲ್ಲ. ಮೂರು ನದಿ ಬೇರೆಯಾದ ಮೇಲೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದ ದೋಣಿಗಳು ಏನಾದವು?

ಕಡಲದಾರಿ ಬರೆದರು:

ಆ ಪ್ರಶ್ನೆಗೆ ನಗೋಯಾದವರು ಉತ್ತರಿಸಲಿ. ನಾನು ಹಡಗಿನಲ್ಲಿ ಇಪ್ಪತ್ತೆರಡು ವರ್ಷ ಇದ್ದವನು, ಶಾಂಘೈಯ ಬಗ್ಗೆ ಬರೆಯುತ್ತೇನೆ. ಅದಿಲ್ಲದೆ ಈ ಮನುಷ್ಯನ ವೃತ್ತಿಜೀವನ ಅರ್ಧ ಹೇಳಿದಂತೆ.

ನಮ್ಮ ಕರಾವಳಿಯವರಿಗೆ ಅಳಿವೆಯ ಮರಳದಿಬ್ಬ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಶಾಂಘೈ ನಗರ ಹುವಾಂಗ್ಪು ನದಿಯ ದಡದಲ್ಲಿದೆ. ಆ ನದಿ ಯಾಂಗ್ತ್ಸೆಯನ್ನು ಸೇರುವ ವೂಸಾಂಗ್‌ನಲ್ಲಿ ದಿಬ್ಬ ಬೆಳೆದು ದೊಡ್ಡ ಹಡಗುಗಳು ಹೊರಗೇ ನಿಂತು ಸರಕನ್ನು ದೋಣಿಗೆ ಇಳಿಸಬೇಕಿತ್ತು. ಎಶರ್ ಮತ್ತು ಡೆ ರೈಕೆ 1870ರ ದಶಕದಲ್ಲೇ ಜಪಾನಿನಿಂದ ಹೋಗಿ ಇದನ್ನು ನೋಡಿ ವರದಿ ಕೊಟ್ಟಿದ್ದರು. ವ್ಯಾಪಾರಿಗಳ ಬೇಡಿಕೆ, ಚೀನಾ ಸರ್ಕಾರದ ಹಿಂಜರಿತ ಇವುಗಳ ನಡುವೆ ವರದಿ ಮೂಲೆ ಸೇರಿತು. 1901ರ ಒಪ್ಪಂದದಲ್ಲಿ ಪರದೇಶಿ ಶಕ್ತಿಗಳು ನದಿಯ ಆಡಳಿತವನ್ನೇ ಕೇಳಿದವು. 1905ರಲ್ಲಿ ಚೀನಾ ಖರ್ಚನ್ನು ತಾನೇ ಹೊತ್ತು ಕೆಲಸ ಮಾಡಿಸುತ್ತೇನೆ ಎಂದಿತು. 1906ರಲ್ಲಿ ಮುಖ್ಯ ಇಂಜಿನಿಯರಾಗಿ ಬಂದವರು ಅರವತ್ತು ದಾಟಿದ ಡೆ ರೈಕೆ.

ನದಿಯ ನಡುವಿನ ದ್ವೀಪವೊಂದರ ಎರಡು ಪಕ್ಕದಲ್ಲಿ ಎರಡು ಕವಲು. ಹಡಗುಗಳು ಹೋಗುತ್ತಿದ್ದ ಕವಲನ್ನು ಮುಚ್ಚಿ, ಚೀನೀ ಜಂಕ್ ದೋಣಿಗಳು ಹೋಗುತ್ತಿದ್ದ ಇನ್ನೊಂದನ್ನು ತೆರೆದು ಆಳ ಮಾಡುವುದು ಅವರ ನಿರ್ಧಾರ. ಬಳಕೆಯ ದಾರಿಯನ್ನೇ ಮುಚ್ಚುವ ಧೈರ್ಯ ಯಾರಿಗಿದೆ? ವೂಸಾಂಗ್‌ನಲ್ಲಿ ಬಾಗಿದ ಉದ್ದನೆಯ ಒಡ್ಡು ಕಟ್ಟಿ ಭರತ ಇಳಿತದ ನೀರಿನಿಂದಲೇ ದಿಬ್ಬವನ್ನು ಕೊರೆಸಿದರು. 1910ರಲ್ಲಿ ಹಣ ತೀರಿತು, ಅವರು ಹೊರಟರು. ಅವರ ನಂತರ ಸ್ವೀಡನ್ನಿನ ಫಾನ್ ಹೈಡೆನ್‌ಸ್ಟಾಮ್ ಕೆಲಸ ಮುಂದುವರಿಸಿದರು. ನಾನು ಎಷ್ಟೋ ಸಲ ವೂಸಾಂಗ್ ದಾಟಿ ಒಳಗೆ ಹೋಗಿದ್ದೇನೆ. ಹೀಗೊಬ್ಬರು ಇದ್ದರೆಂದು ಅಂದು ತಿಳಿದಿರಲಿಲ್ಲ ಎಂಬುದು ಈಗ ಬೇಸರದ ಸಂಗತಿ.

ಕೆರೆಮೀನು ಬರೆದರು:

ಯೊಡೊದ ಮೋಟು ಒಡ್ಡುಗಳ ಕಥೆ ದೋಣಿಗಳೊಂದಿಗೆ ಮುಗಿಯಲಿಲ್ಲ. ಉಗಿದೋಣಿಗಳ ಕಾಲ ಮುಗಿದ ಮೇಲೆ, ಒಂದು ಒಡ್ಡಿಗೂ ಇನ್ನೊಂದಕ್ಕೂ ನಡುವಿನ ಜಾಗದಲ್ಲಿ ಹೂಳು ಕೂತು, ಜೊಂಡು ಬೆಳೆದು, ನದಿಗೆ ತಾಗಿಕೊಂಡ ಸಣ್ಣ ಸಣ್ಣ ಕೊಳಗಳಾದವು. ಅವಕ್ಕೆ ಅಲ್ಲಿ "ವಾಂದೊ" ಎನ್ನುತ್ತಾರೆ. ನಡುವೆ ನದಿ ಓಡುತ್ತಿದ್ದರೂ ಇಲ್ಲಿ ನೀರು ನಿಂತಂತಿರುತ್ತದೆ. ಈ ಕೊಳಗಳಲ್ಲಿ ಇತಾಸೆನ್‌ಪರಾ ಎಂಬ ಪುಟ್ಟ ಮೀನು ನೆಲೆ ಕಂಡಿತು. ಅದು ಮೊಟ್ಟೆ ಇಡುವುದು ಜೀವಂತ ಚಿಪ್ಪಿನ ಒಡಲಿನೊಳಗೆ. 1974ರಲ್ಲಿ ಜಪಾನ್ ಅದನ್ನು ರಾಷ್ಟ್ರೀಯ ನಿಸರ್ಗ ಸ್ಮಾರಕವೆಂದು ಸಾರಿತು. ಮುಂದೆ ಕೆಳಗಡೆ ದೊಡ್ಡ ಬ್ಯಾರೇಜ್ ಬಂದು ನೀರಿನ ಏರಿಳಿತ ನಿಂತಾಗ, ಪರದೇಶದ ಮೀನುಗಳೂ ಸೇರಿಕೊಂಡಾಗ ಅದು ಯೊಡೊದಲ್ಲಿ ಕಾಣದಾಯಿತು. ಸಾಕಿ ಬೆಳೆಸಿದ ಮೀನುಗಳನ್ನು 2013ರಲ್ಲಿ ಮತ್ತೆ ಬಿಟ್ಟರು.

ನದಿಯನ್ನು ತಿದ್ದುವ ಯೋಜನೆ ಬರೆಯುವವರು ಇದನ್ನು ನೋಡಬೇಕು. ಕೊಂಬೆ, ಕಲ್ಲುಗಳಿಂದ ಮಾಡಿದ ಕೆಲಸದಲ್ಲಿ ಸಂದುಗಳಿದ್ದವು, ಆ ಸಂದುಗಳಲ್ಲಿ ಜೀವ ಸೇರಿಕೊಂಡಿತು. ಸಿಮೆಂಟಿನ ನಯವಾದ ಗೋಡೆಯಲ್ಲಿ ಆ ಅವಕಾಶವಿಲ್ಲ.

ಹಳೆಯ ಪುಟ ಬರೆದರು:

ಚರ್ಚೆ ಬಹಳ ಚೆನ್ನಾಗಿ ಬೆಳೆದಿದೆ. ನಮ್ಮವರಿಗೆ ಆಸಕ್ತಿ ಹುಟ್ಟಿಸುವ ಒಂದು ಸಂಗತಿ: ವಿಶ್ವೇಶ್ವರಯ್ಯನವರು ಮೊದಲ ಸಲ ಜಪಾನ್ ನೋಡಿ ಬಂದದ್ದು 1898ರಲ್ಲಿ. ಕಿಸೊ ನದಿಗಳ ಕೆಲಸ ಆಗ ಅರ್ಧ ದಾರಿಯಲ್ಲಿತ್ತು, ಡೆ ರೈಕೆ ಅಲ್ಲಿಯೇ ಇದ್ದರು. ಯೊಡೊದ ಹೊಸ ಯೋಜನೆಗೂ ಆಗ ಎರಡೇ ವರ್ಷ ಪ್ರಾಯ. ಪರದೇಶಿ ಇಂಜಿನಿಯರುಗಳಿಂದ ಕಲಿತು, ಸ್ವಂತ ಇಂಜಿನಿಯರುಗಳ ಕೈಗೆ ನದಿಗಳನ್ನು ಒಪ್ಪಿಸುತ್ತಿದ್ದ ಜಪಾನನ್ನು ಅವರು ಕಂಡರು.

ಹೊಳೆಸಾಲು ಬರೆದರು:

ಒಂದು ವಿಷಯವನ್ನು ಮೊದಲ ಬರಹದಲ್ಲಿ ಹೇಳಲು ಮನಸ್ಸು ಬಂದಿರಲಿಲ್ಲ. ಅವರ ಹೆಂಡತಿ ಜಪಾನಿನಲ್ಲೇ 1881ರಲ್ಲಿ ತೀರಿಕೊಂಡರು. ಚಿಕ್ಕ ಮಕ್ಕಳು, ಪರದೇಶ. ಅವರು ಊರಿಗೆ ಮರಳಿ ಹೋಗಬಹುದಿತ್ತು. ಆ ವರ್ಷಗಳಲ್ಲಿ ಅವರಿಗೆ ಆಸರೆಯಾದದ್ದು ಹಾಲೆಂಡಿಗೆ ಮರಳಿದ್ದ ಎಶರ್ ಅವರೊಂದಿಗಿನ ಪತ್ರವ್ಯವಹಾರ. ಮೊದಲ ದರ್ಜೆಯವರಿಗೂ ನಾಲ್ಕನೆಯ ದರ್ಜೆಯವರಿಗೂ ನಡುವಿನ ಆ ಸ್ನೇಹ ಕೊನೆಯವರೆಗೂ ಬಾಳಿತು. ಒಂದು ಮೆಟ್ಟಿಲು ಇನ್ನೊಂದರೊಳಗೆ ಸೇರಿ ಕೊನೆಯೇ ಕಾಣದಂತಹ ಚಿತ್ರಗಳನ್ನು ಬರೆದ ಎಂ. ಸಿ. ಎಶರ್ ಇದೇ ಇಂಜಿನಿಯರ್ ಎಶರ್ ಅವರ ಕಿರಿಯ ಮಗ.

ಡೆ ರೈಕೆ 1913ರ ಜನವರಿ 20ರಂದು ಆಮ್ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡರು. ಕಿಸೊ ಕೆಲಸ ಮುಗಿದ ಸುದ್ದಿ ಆ ಹೊತ್ತಿಗೆ ಅವರನ್ನು ತಲುಪಿತ್ತು ಎಂದು ನಂಬಲು ನನಗೆ ಆಸೆ.

ನಗೋಯಾ ನಿವಾಸಿ ಬರೆದರು:

ವಿದ್ಯಾರ್ಥಿನಿಯ ಪ್ರಶ್ನೆ ಬಾಕಿ ಉಳಿದಿತ್ತು. ನದಿಗಳು ಬೇರೆಯಾದರೆ ದೋಣಿಗಳ ದಾರಿ ಕಡಿಯುತ್ತದೆಂದು ಮೊದಲೇ ಗೊತ್ತಿತ್ತು. ಹಾಗಾಗಿ ಕಿಸೊಗೂ ನಗಾರಾಗೂ ನಡುವಿನ ಏರಿಯಲ್ಲಿ 1902ರಲ್ಲಿ ಒಂದು ಲಾಕ್ ಕಟ್ಟಿದರು. ಸೆಂದೊಹಿರಾ ಲಾಕ್ ಎಂದು ಹೆಸರು. ಎರಡು ನದಿಗಳ ನೀರಿನ ಮಟ್ಟ ಒಂದೇ ಇರುವುದಿಲ್ಲ. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಮುಚ್ಚಿ, ಕೊಠಡಿಯ ನೀರನ್ನು ಎದುರು ನದಿಯ ಮಟ್ಟಕ್ಕೆ ತಂದು, ಮುಂದಿನ ಬಾಗಿಲು ತೆರೆಯುತ್ತಾರೆ. ಆಮ್ಸ್ಟರ್‌ಡ್ಯಾಮ್ ಲಾಕ್‌ಗಳ ಓವರ್‌ಸಿಯರ್ ಆಗಿದ್ದವರಿಗೆ ಇದು ಬಾಲ್ಯದ ಪಾಠದಂತೆ ಇದ್ದಿರಬೇಕು.

ಈ ಚರ್ಚೆ ಓದಿ ಇಂದು ಬೆಳಿಗ್ಗೆ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಕೆಂಪು ಇಟ್ಟಿಗೆ ಮತ್ತು 1902ರ ಕಲ್ಲಿನ ಗೋಡೆಗಳು ಹಾಗೆಯೇ ಇವೆ. ಅದೀಗ ರಾಷ್ಟ್ರದ ಸಂರಕ್ಷಿತ ಸ್ಮಾರಕ, ಆದರೆ ಕೆಲಸವನ್ನೂ ನಿಲ್ಲಿಸಿಲ್ಲ. ಪಕ್ಕದ ಉದ್ಯಾನದಲ್ಲಿ ಡೆ ರೈಕೆಯವರ ಕಂಚಿನ ಪ್ರತಿಮೆ ಇದೆ. ನಾವು ನಿಂತಿದ್ದಾಗಲೇ ಕಿಸೊ ಕಡೆಯಿಂದ ಒಂದು ಸಣ್ಣ ಮೀನುಗಾರರ ದೋಣಿ ಬಂತು. ಬಾಗಿಲು ಮುಚ್ಚಿತು, ನೀರು ಮೆಲ್ಲನೆ ಇಳಿಯಿತು. ಮಗಳು ಗೋಡೆಯ ಮೇಲಿನ ಒದ್ದೆ ಗುರುತನ್ನು ಬೆರಳಿನಿಂದ ತೋರಿಸುತ್ತ ದೋಣಿ ಎಷ್ಟು ತಗ್ಗಿತೆಂದು ಎಣಿಸುತ್ತಿದ್ದಳು. ಎದುರಿನ ಬಾಗಿಲು ತೆರೆದಾಗ ದೋಣಿಯವರು ನಮ್ಮ ಕಡೆ ಕೈಬೀಸಿ ನಗಾರಾ ಕಡೆಗೆ ಹೊರಟುಹೋದರು.